ಗಿರಣಿಯ ಹೊಗೆ, ಹತ್ತಿಯ ಧೂಳು

ಮುಂಬಯಿಯ ಮೊದಲ ಹತ್ತಿಗಿರಣಿಯನ್ನು ಕಾವಸಜಿ ದಾವರರು 1854ರಲ್ಲಿ ಸ್ಥಾಪಿಸಿದರು. ಮುಂದೆ ಚಿಮಣಿಗಳು ಎಷ್ಟು ಹೊಗೆ ಕಾರಿದವೆಂದರೆ, 1912ರಲ್ಲಿ ಸರಕಾರವು ಹೊಗೆಯ ಉಪದ್ರವವನ್ನು ತಡೆಯಲು ಕಾಯಿದೆಯನ್ನೇ ಮಾಡಬೇಕಾಯಿತು. ಆ ಕಾಯಿದೆಯ ಕಣ್ಣು ಚಿಮಣಿಯ ತುದಿಯ ಮೇಲಿದ್ದಿತೇ ಹೊರತು ಒಳಗಿನ ಧೂಳಿನ ಮೇಲಲ್ಲ. ಹತ್ತಿ ಬಿಡಿಸುವ, ಹಿಂಜುವ ಖಾತೆಗಳಲ್ಲಿ ಎದ್ದ ನವುರು ಧೂಳು ಕೆಲಸಗಾರರ ಶ್ವಾಸಕೋಶಕ್ಕೆ ಇಳಿಯುತ್ತಿದ್ದಿತು. ವಾರದ ರಜೆ ಮುಗಿಸಿ ಬಂದ ದಿನವೇ ಎದೆ ಬಿಗಿಯುವುದು ಈ ರೋಗದ ಗುರುತು. ವೈದ್ಯರು ಇದನ್ನು ಬಿಸಿನೋಸಿಸ್ ಎನ್ನುವರು. ವರ್ಷಗಳು ಕಳೆದಂತೆ ಆ ಬಿಗಿತವು ವಾರವಿಡೀ ನಿಲ್ಲುವುದು. ಬೀಡಿಯ ಕೆಮ್ಮೆಂದು ಅದನ್ನು ತಳ್ಳಿಹಾಕುವುದು ಸುಲಭವಾಗಿದ್ದಿತು. (ನಮ್ಮವರಲ್ಲಿ ಅನೇಕರು ಉಂಡದ್ದು ಹೋಟೆಲಿನ ಒಲೆಯ ಹೊಗೆ, ಅದರ ಚರಿತ್ರೆ ಬೇರೆಯೇ.) 1982ರ ಜನವರಿ 18ರಂದು ಮುಷ್ಕರ ಆರಂಭವಾಯಿತು, ಅನೇಕ ಗಿರಣಿಗಳು ಮತ್ತೆ ಚೇತರಿಸಲಿಲ್ಲ. ಅವುಗಳ ಹೊಗೆ ನಿಂತಿತು. ಹಲವು ಚಿಮಣಿಗಳನ್ನು ಮುಗಿಲೆತ್ತರದ ಕಟ್ಟಡಗಳ ನಡುವೆ ನಾವು ಈಗಲೂ ಕಾಣುತ್ತೇವೆ. ಆ ಕೆಮ್ಮನ್ನು ಹೊತ್ತವರು ಅದರೊಡನೆಯೇ ಊರಿಗೆ ಮರಳಿದರು.