ಜಪಾನಿನ ಗದ್ದೆಗಳಲ್ಲಿ ತಾಗಮೆ

ಜಪಾನಿನ ಭತ್ತದ ಗದ್ದೆಗಳಲ್ಲಿ ಶತಮಾನಗಳ ಕಾಲ ರೈತರೊಂದಿಗೆ ಒಂದೇ ನೀರಿನಲ್ಲಿ ಬಾಳಿದ ತಾಗಮೆ ಎಂಬ ದೈತ್ಯ ಜಲತಿಗಣೆಯು, ಬೆಳೆದಾಗ ಸುಮಾರು 48ರಿಂದ 65 ಮಿಲಿಮೀಟರ್ ಉದ್ದವಿರುವ, ಆ ದೇಶದ ತಿಗಣೆ ವರ್ಗದಲ್ಲೇ ಅತಿ ದೊಡ್ಡ ಕೀಟ. ಕಪ್ಪೆ, ಮೀನುಗಳನ್ನು ಮುಂಗಾಲುಗಳಿಂದ ಅಮುಕಿ ಹಿಡಿಯುವ ಇದು, ತನ್ನ ಗಿಡ್ಡ ಚುಚ್ಚುಬಾಯಿಯನ್ನು ಬೇಟೆಯ ಮೈಗೆ ಇಳಿಸಿ, ಕಿಣ್ವಗಳಿಂದ, ಎಂದರೆ ಮಾಂಸವನ್ನು ಕರಗಿಸಬಲ್ಲ ಜೀರ್ಣರಸಗಳಿಂದ ಕೂಡಿದ ಜೊಲ್ಲನ್ನು ಒಳಬಿಟ್ಟು, ಹಾಗೆ ದ್ರವವಾದುದನ್ನು ಹೀರಿಕೊಳ್ಳುತ್ತದೆ. ಮನುಷ್ಯನು ಅದರ ಆಹಾರವಲ್ಲ. ಆದರೆ ನೀರಿಗಿಳಿದವರ ಕೈಗೆ ಸಿಕ್ಕಿದಾಗ ಅಥವಾ ಬರಿಗಾಲಿನಡಿ ಒತ್ತಿಹೋದಾಗ ಆತ್ಮರಕ್ಷಣೆಗೂ ಅದೇ ಆಯುಧವನ್ನು ಬಳಸುವುದರಿಂದ, ಬೇಟೆಯನ್ನು ಕರಗಿಸುವ ರಸವೇ ಚರ್ಮದೊಳಗೆ ಸೇರಿ, ಗಂಟೆಗಟ್ಟಲೆ ಉಳಿಯುವ ತೀವ್ರ ನೋವನ್ನು ಉಂಟುಮಾಡಬಲ್ಲದು. ಅಂಗಾತವಾಗಿ ಈಜುವ ಮಾತ್ಸುಮೊಮುಶಿ, ಕೊಳದ ಗಿಡಗಳ ನಡುವೆ ತೆವಳುವ ಕೊಬಾನ್‌ಮುಶಿ ಎಂಬ ಚಿಕ್ಕ ಜಲತಿಗಣೆಗಳೂ ಇದೇ ಬಗೆಯ ಕಡಿತಕ್ಕೆ ಹೆಸರಾದವು.

ಮನುಷ್ಯನನ್ನೂ ಈ ಕೀಟವನ್ನೂ ಇಷ್ಟು ಹತ್ತಿರ ತಂದದ್ದು ಭತ್ತದ ಬೇಸಾಯ. ನದೀಬಯಲಿನ ಜೌಗುಗಳು ಗದ್ದೆಗಳಾದಾಗ, ಆಳವಿಲ್ಲದ ಬೆಚ್ಚಗಿನ ನೀರು, ಅದಕ್ಕೆ ಹೊಂದಿಕೊಂಡ ಕಾಲುವೆ ಮತ್ತು ಕೆರೆ, ಅಲ್ಲಿ ತುಂಬಿದ ಗೊದಮೊಟ್ಟೆಗಳು ತಾಗಮೆಗೆ ಹೊಸ ನೆಲೆಯನ್ನೇ ಒದಗಿಸಿದವು. ಮೀನು ಸಾಕುವವರಿಗೆ ಮಾತ್ರ ಅದು ಮರಿಗಳನ್ನು ತಿಂದುಹಾಕುವ ಶತ್ರುವಾಗಿಯೇ ಕಂಡಿತು. ಆದರೆ ಇದೇ ಬೇಟೆಗಾರ ಕೀಟದ ಗಂಡು, ನೀರಿನಿಂದ ಮೇಲೆದ್ದ ಕಡ್ಡಿ ಕಾಂಡಗಳಿಗೆ ಅಂಟಿಸಿದ ಮೊಟ್ಟೆಗಳಿಗೆ ರಾತ್ರಿ ನೀರನ್ನು ಹೊತ್ತು ತಂದು ತೇವಗೊಳಿಸುತ್ತ, ಬೇರೆ ಹೆಣ್ಣುಗಳು ಅವನ್ನು ನಾಶಮಾಡದಂತೆ ಕಾಯುತ್ತದೆ ಎಂಬುದನ್ನು ಕಡಿತದ ಭಯವೊಂದೇ ಮರೆಸಬಾರದು. ಇದರ ಬಳಗದ ಚಿಕ್ಕ ಜಾತಿಗಳಲ್ಲಿ ಗಂಡು ಬೆನ್ನ ಮೇಲೆಯೇ ಮೊಟ್ಟೆ ಹೊರುತ್ತದೆ. ಅಂಥವು ಭಾರತದ ಕೆರೆ, ಗದ್ದೆಗಳಲ್ಲೂ ಇವೆ.

ಎರಡನೆಯ ಮಹಾಯುದ್ಧದ ನಂತರ ಈ ಸಹವಾಸ ಮುರಿಯಿತು. 1950ರ ದಶಕದಲ್ಲಿ ಪ್ಯಾರಾಥಿಯಾನ್‌ನಂತಹ ಕೀಟನಾಶಕಗಳು ಗದ್ದೆಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದವು; ಮಣ್ಣಿನ ಕಾಲುವೆಗಳು ಕಾಂಕ್ರೀಟಿನವಾದವು; ಗದ್ದೆಗಳನ್ನು ಒಣಗಿಸುವ ಪದ್ಧತಿ ಹರಡಿತು; ರಾತ್ರಿ ಹಾರುವ ಕೀಟಗಳನ್ನು ಬೀದಿದೀಪಗಳು ನೀರಿನಿಂದ ದೂರ ಸೆಳೆದವು. ಇವುಗಳಲ್ಲಿ ಯಾವುದೂ ತಾಗಮೆಯನ್ನೇ ಗುರಿಯಾಗಿಸಿಕೊಂಡದ್ದಲ್ಲ, ಆದರೂ ಅದು ಹಲವು ಪ್ರದೇಶಗಳಿಂದ ಕಣ್ಮರೆಯಾಯಿತು. ಉಳಿದವುಗಳಿಗೆ ಸಂಗ್ರಾಹಕರು ಬೆಲೆ ಕಟ್ಟತೊಡಗಿದ ಮೇಲೆ, 2020ರ ಫೆಬ್ರವರಿಯಲ್ಲಿ ಜಪಾನ್ ಸರ್ಕಾರವು ಅಳಿವಿನಂಚಿನ ಜೀವಿಗಳ ಸಂರಕ್ಷಣೆಯ ಕಾನೂನಿನಡಿ ಮಾರಾಟಕ್ಕಾಗಿ ತಾಗಮೆಯನ್ನು ಹಿಡಿಯುವುದನ್ನೂ ಅದರ ವ್ಯಾಪಾರವನ್ನೂ ನಿಷೇಧಿಸಿತು.