ಉಸಿರು ಸಾಲದ ಗೆಡ್ಡೆ, ರೂಪ ಬದಲಿಸುವ ಪೊರೆ

ನಿಪ್ಪಾಣಿ ಎಂದರೆ ಗಡಿನಾಡಿನವರಿಗೆ ಮೊದಲು ನೆನಪಾಗುವುದು ತಂಬಾಕು. 1981ರಲ್ಲಿ ರೈತರು ಹೆದ್ದಾರಿ ತಡೆದು ಕುಳಿತದ್ದು ಇದೇ ಬೆಳೆಯ ಬೆಲೆಗಾಗಿ. ತಂಬಾಕಿನಿಂದ ಬಾಯಿ, ಗಂಟಲು, ಶ್ವಾಸಕೋಶ ಕೆಡುವುದು ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಹಳ್ಳಿಗಳಲ್ಲೂ ತಿಳಿದ ಮಾತೇ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೂ ಅದು ಕಾರಣ ಎಂಬುದು ಮಾತ್ರ ಅಷ್ಟಾಗಿ ತಿಳಿದಿಲ್ಲ. ಸೇದುವವರಿಗೆ ಈ ಅಪಾಯ ಸುಮಾರು ಇಮ್ಮಡಿ. ಹೊಗೆಯಿಲ್ಲದ ತಂಬಾಕನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಈ ಕ್ಯಾನ್ಸರಿನ ಕಾರಣಗಳ ಪಟ್ಟಿಗೆ ಸೇರಿಸಿದೆ.

ಹೊಟ್ಟೆಯ ಹಿಂಬದಿಯಲ್ಲಿ ಬೆಳೆಯುವ ಈ ಗೆಡ್ಡೆಗೆ ಔಷಧ ಏಕೆ ನಾಟುವುದಿಲ್ಲ? ಉತ್ತರದ ಒಂದು ಎಳೆ ಆಮ್ಲಜನಕದ ಕೊರತೆಯಲ್ಲಿದೆ.

ಅದರ ಮೊದಲ ಸುಳಿವು ಸಿಕ್ಕಿದ್ದು 1955ರಲ್ಲಿ. ಇಂಗ್ಲೆಂಡಿನ ಥಾಮ್ಲಿನ್‌ಸನ್ ಮತ್ತು ಗ್ರೇ ಶ್ವಾಸಕೋಶದ ಗೆಡ್ಡೆಗಳನ್ನು ಸೂಕ್ಷ್ಮದರ್ಶಕದಡಿ ಅಳೆದು, ರಕ್ತನಾಳದಿಂದ ಸುಮಾರು 150 ಮೈಕ್ರಾನ್ ಆಚೆಗೆ ಜೀವಕೋಶಗಳು ಸಾಯುವುದನ್ನು ತೋರಿಸಿದರು. ಆಮ್ಲಜನಕ ಅಷ್ಟು ದೂರ ಹರಿಯಲಾರದು. ಆಗ ಇದನ್ನು ವಿಕಿರಣ ಚಿಕಿತ್ಸೆಗೆ ಎದುರಾದ ತೊಡಕೆಂದಷ್ಟೇ ನೋಡಲಾಗಿತ್ತು.

ಕೊರತೆಯನ್ನು ಜೀವಕೋಶವೇ ಅರಿತು ಸ್ಪಂದಿಸುತ್ತದೆ ಎಂಬುದು ಬಯಲಾದದ್ದು 1990ರ ದಶಕದಲ್ಲಿ. ಗ್ರೆಗ್ ಸೆಮೆಂಜಾ ಗುರುತಿಸಿದ ಎಚ್‌ಐಎಫ್-1 ಎಂಬ ಪ್ರೋಟೀನು ಆಮ್ಲಜನಕ ಕುಗ್ಗಿದಾಗ ನೂರಾರು ವಂಶವಾಹಿಗಳನ್ನು ಎಬ್ಬಿಸುತ್ತದೆ. ಈ ಅರಿವಿಗಾಗಿ ಅವರಿಗೂ ಕೇಲಿನ್, ರ‍್ಯಾಟ್‌ಕ್ಲಿಫ್ ಅವರಿಗೂ 2019ರಲ್ಲಿ ನೊಬೆಲ್ ಬಂತು.

ಮೇದೋಜೀರಕದಲ್ಲಿ ಕೊರತೆ ಎಷ್ಟು? 2000ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆಲ್ಬರ್ಟ್ ಕೂಂಗ್ ತಂಡ ಏಳು ರೋಗಿಗಳ ಶಸ್ತ್ರಚಿಕಿತ್ಸೆಯ ವೇಳೆ ಸೂಜಿಯಂಥ ಎಲೆಕ್ಟ್ರೋಡನ್ನು ಗೆಡ್ಡೆಯೊಳಗೇ ಇಳಿಸಿ ಅಳೆಯಿತು. ಪಕ್ಕದ ಆರೋಗ್ಯವಂತ ಭಾಗದಲ್ಲಿ ಆಮ್ಲಜನಕದ ಒತ್ತಡ 24ರಿಂದ 93 ಮಿಲಿಮೀಟರ್ ಪಾದರಸ. ಗೆಡ್ಡೆಯಲ್ಲಿ ಸೊನ್ನೆಯಿಂದ ಐದರ ಆಸುಪಾಸು. ಗೆಡ್ಡೆಯನ್ನು ಸುತ್ತುವ ಗಟ್ಟಿ ನಾರಿನ ಅಂಗಾಂಶದಲ್ಲಿ ರಕ್ತನಾಳಗಳು ವಿರಳ. ಹಾಗಾಗಿ ಉಸಿರೂ ತಲುಪದು, ಔಷಧವೂ ತಲುಪದು ಎಂದು 2009ರ ಇಲಿಗಳ ಪ್ರಯೋಗ ತೋರಿಸಿತು.

ಇಲ್ಲಿಂದ ಕತೆ ಈ ಕೊರತೆಯ ಪೆಟ್ಟು ಬೀಳುವ ಕೋಶಪೊರೆಯತ್ತ ತಿರುಗುತ್ತದೆ. ಪೊರೆ ಜಡಗೋಡೆಯಲ್ಲ, ಕೊಬ್ಬಿನ ಪದರದಲ್ಲಿ ಪ್ರೋಟೀನುಗಳು ತೇಲುವ ದ್ರವ ಎಂಬ ಮಾದರಿಯನ್ನು 1972ರಲ್ಲಿ ಸಿಂಗರ್ ಮತ್ತು ನಿಕಲ್ಸನ್ ಮುಂದಿಟ್ಟರು. ಆ ಹರಿವಿನೊಳಗೂ ಪ್ರೋಟೀನುಗಳು ಅತಿ ಸಣ್ಣ ಗುಂಪುಗಳಾಗಿ ಕೂಡುತ್ತವೆ ಎಂಬುದನ್ನು ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿ (ಎನ್‌ಸಿಬಿಎಸ್) ಸತ್ಯಜಿತ್ ಮೇಯರ್ ತಂಡ 1998ರಿಂದ ತೋರಿಸುತ್ತ ಬಂದಿದೆ.

ಪೊರೆಯ ಹರಿವು ಅದರ ಕೊಬ್ಬಿನ ಬಗೆಯನ್ನು ಅವಲಂಬಿಸಿದೆ. ಚಳಿಗಾಲದ ಬೆಳಗ್ಗೆ ತುಪ್ಪ ಹೆಪ್ಪುಗಟ್ಟುತ್ತದೆ, ಕುಸುಬೆ ಎಣ್ಣೆ ಹರಿಯುತ್ತಲೇ ಇರುತ್ತದೆ. ವ್ಯತ್ಯಾಸ ಕೊಬ್ಬಿನಾಮ್ಲದ ಸರಪಳಿಯಲ್ಲಿದೆ. 18 ಇಂಗಾಲದ ನೇರ ಸರಪಳಿಯಾದ ಸ್ಟಿಯರಿಕ್ ಆಮ್ಲದ ನಡುವೆ ಒಂದು ಜೋಡಿಬಂಧ ಹಾಕಿದರೆ ಅದು ಬಾಗಿ ಒಲಿಯಿಕ್ ಆಮ್ಲವಾಗುತ್ತದೆ. ಪೊರೆಗೆ ಸಡಿಲ ಬರುತ್ತದೆ. ಆ ಕೆಲಸ ಮಾಡುವ ಎಸ್‌ಸಿಡಿ-1 ಎಂಬ ಕಿಣ್ವಕ್ಕೆ ಪ್ರತಿ ಬಂಧಕ್ಕೂ ಒಂದು ಆಮ್ಲಜನಕದ ಅಣು ಬೇಕೇ ಬೇಕು. ಪೊರೆಯ ಇನ್ನೊಂದು ಘಟಕವಾದ ಕೊಲೆಸ್ಟ್ರಾಲ್ ತಯಾರಿಕೆಗೂ ಆಮ್ಲಜನಕ ಬೇಕು. ಆಮ್ಲಜನಕ ಸಿಗದಿದ್ದರೆ ನೇರ ಸರಪಳಿಗಳೇ ತುಂಬಿ ಪೊರೆ ಬಿಗಿಯುತ್ತದೆ, ಕೋಶದ ಒಳಪೊರೆಗಳು ಒತ್ತಡಕ್ಕೆ ಸಿಲುಕುತ್ತವೆ.

ಹಾಗಿದ್ದರೆ ಕ್ಯಾನ್ಸರ್ ಕೋಶ ಸಾಯಬೇಕಿತ್ತು. ಸಾಯುವುದಿಲ್ಲ ಏಕೆಂದರೆ ಅದು ಸಿದ್ಧ ಸರಕನ್ನು ಹೊರಗಿನಿಂದ ಎಳೆದುಕೊಳ್ಳುತ್ತದೆ. 2013ರಲ್ಲಿ ಯುರೆ ಕ್ಯಾಂಫಾರ್ಸ್ಟ್ ಮತ್ತು ಸಂಗಡಿಗರು, ಆಮ್ಲಜನಕ ಕಡಿಮೆಯಿರುವ ಕೋಶಗಳೂ ರಾಸ್ ವಂಶವಾಹಿ ಕೆಟ್ಟ ಕೋಶಗಳೂ ಲೈಸೋಫಾಸ್ಫೋಲಿಪಿಡ್ ಎಂಬ ಕೊಬ್ಬುಗಳಿಂದ ಬಾಗಿದ ಸರಪಳಿಗಳನ್ನು ಹೆಕ್ಕುವುದನ್ನು ಕಂಡರು. ಮೇದೋಜೀರಕದ ಕ್ಯಾನ್ಸರುಗಳಲ್ಲಿ ಶೇ. 90ಕ್ಕೂ ಹೆಚ್ಚಿನವು ರಾಸ್ ಗುಂಪಿನ ಕೆ-ರಾಸ್ ಕೆಟ್ಟವೇ. ನಾರಿನ ಅಂಗಾಂಶದ ಕೋಶಗಳೇ ಈ ಕೊಬ್ಬನ್ನು ಒದಗಿಸುತ್ತವೆ ಎಂಬುದು 2019ರಲ್ಲಿ ಗೊತ್ತಾಯಿತು. ಉಸಿರು ತಡೆಯುವ ನೆರೆಯೇ ಉಣಿಸುವ ನೆರೆಯೂ ಹೌದು.

ಚಿಕಿತ್ಸೆ ಇನ್ನೂ ಇಷ್ಟು ದೂರ ಬಂದಿಲ್ಲ. ಆಮ್ಲಜನಕ ಇಲ್ಲದೆಡೆ ಮಾತ್ರ ಎಚ್ಚರಗೊಳ್ಳುವ ಇವೋಫಾಸ್ಫಮೈಡ್ ಔಷಧವನ್ನು 693 ರೋಗಿಗಳಲ್ಲಿ ಪರೀಕ್ಷಿಸಿದರೂ ಆಯುಸ್ಸು ಖಚಿತವಾಗಿ ಹೆಚ್ಚಿದ್ದು 2015ರ ಫಲಿತಾಂಶದಲ್ಲಿ ಕಾಣಲಿಲ್ಲ. ಎಸ್‌ಸಿಡಿ-1 ಒಂದನ್ನೇ ತಡೆದರೆ ಕೋಶ ಹೊರಗಿನ ಕೊಬ್ಬಿಗೆ ಕೈಚಾಚುತ್ತದೆ. ಆದ್ದರಿಂದ ಎರಡೂ ದಾರಿಗಳನ್ನು ಒಟ್ಟಿಗೆ ಮುಚ್ಚುವುದೇ ಈಗಿನ ಸಂಶೋಧಕರ ಮುಂದಿರುವ ಸವಾಲು.

ಬೆಳಗಾವಿಗೋ ಗಡಿಯಾಚೆಯ ಮೀರಜಿಗೋ ಹೋಗುವ ಇಲ್ಲಿನ ರೋಗಿಗಳಿಗೆ ಸಮಯವೇ ದೊಡ್ಡದು. ನೋವಿಲ್ಲದ ಕಾಮಾಲೆ, ಕಾರಣವಿಲ್ಲದೆ ಇಳಿಯುವ ತೂಕ, ಬೆನ್ನಿಗೆ ಹಬ್ಬುವ ಹೊಟ್ಟೆನೋವು, ಐವತ್ತು ದಾಟಿದವರಿಗೆ ಏಕಾಏಕಿ ಬಂದ ಸಕ್ಕರೆ ಕಾಯಿಲೆ: ಇವುಗಳಲ್ಲಿ ಯಾವುದು ಕಂಡರೂ, ಅದರಲ್ಲೂ ತಂಬಾಕಿನ ಚಟವಿದ್ದವರು, ವೈದ್ಯರನ್ನು ಕಂಡು ಸ್ಕ್ಯಾನ್ ಬೇಕೇ ಎಂದು ಕೇಳಬೇಕು.