ಐಸೊಪ್ರೀನ್ ನೈಟ್ರೇಟುಗಳ ದ್ಯುತಿವಿಭಜನೆಯಲ್ಲಿ ಕಾರ್ಬೊನಿಲ್ ಗುಂಪಿನ ಪಾತ್ರ

ಭೂಮಿಯ ಗಿಡಮರಗಳು ವರ್ಷಕ್ಕೆ ಸುಮಾರು 50 ಕೋಟಿ ಟನ್ ಐಸೊಪ್ರೀನನ್ನು ಗಾಳಿಗೆ ಬಿಡುತ್ತವೆ. ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಓಕ್ ಕಾಡುಗಳ ಈ ಉಸಿರಿಗೆ ವಾಹನ, ವಿದ್ಯುತ್ ಸ್ಥಾವರಗಳ ಹೊಗೆ ಬೆರೆತಾಗ, ಹೊಗೆಯಲ್ಲಿದ್ದ ಸಾರಜನಕದ ಒಂದು ಪಾಲು ಸಾವಯವ ನೈಟ್ರೇಟುಗಳಲ್ಲಿ ಸೆರೆಯಾಗುತ್ತದೆ. ಅದು ಅಲ್ಲೇ ಉಳಿಯುತ್ತದೆಯೇ, ಮರಳಿ ಗಾಳಿಗೆ ಬರುತ್ತದೆಯೇ ಎಂಬುದರ ಮೇಲೆ ಆ ಪ್ರದೇಶದ ಓಜೋನ್ ಲೆಕ್ಕ ನಿಂತಿದೆ.

ನೈಟ್ರೇಟಿನ ಆಮ್ಲಜನಕ–ಸಾರಜನಕ ಬಂಧವನ್ನು ಮುರಿಯಲು ಮೋಲ್‌ಗೆ ಸುಮಾರು 170 ಕಿಲೋಜೂಲ್ ಸಾಕು. 320 ನ್ಯಾನೊಮೀಟರ್ ಬೆಳಕಿನಲ್ಲಿ ಇದರ ಎರಡು ಪಟ್ಟಿಗೂ ಹೆಚ್ಚು ಶಕ್ತಿಯಿದೆ. ಆದರೂ ಸರಳ ಆಲ್ಕೈಲ್ ನೈಟ್ರೇಟುಗಳು ಬಿಸಿಲಿನಲ್ಲಿ ದಿನಗಟ್ಟಲೆ, ಕೆಲವು ವಾರಗಟ್ಟಲೆ ಬಾಳುತ್ತವೆ. ಕೊರತೆ ಇರುವುದು ಶಕ್ತಿಯದಲ್ಲ, ಹೀರಿಕೆಯದು: ನೆಲ ಮುಟ್ಟುವ ನೇರಳಾತೀತ ಕಿರಣಗಳನ್ನು ಅವು ಬಲು ಕಡಿಮೆ ಹೀರುತ್ತವೆ.

ಅಸಿಟೋನಿನ ಕಥೆ ಇದಕ್ಕೆ ತದ್ವಿರುದ್ಧ. ಅದರ ಕಾರ್ಬೊನಿಲ್ ಗುಂಪು ಈ ಬೆಳಕನ್ನು ಹೀರಬಲ್ಲದು; ಆದರೆ ಮುರಿಯಬೇಕಾದ ಕಾರ್ಬನ್–ಕಾರ್ಬನ್ ಬಂಧಕ್ಕೆ ಸುಮಾರು 350 ಕಿಲೋಜೂಲ್ ಬೇಕು. ಹಾಗಾಗಿ ಉದ್ರಿಕ್ತ ಅಣು ಒಡೆಯುವ ಮೊದಲೇ ಗಾಳಿಯ ಅಣುಗಳಿಗೆ ಡಿಕ್ಕಿ ಹೊಡೆದು ಶಕ್ತಿಯನ್ನು ಕಳೆದುಕೊಳ್ಳುವುದೇ ಹೆಚ್ಚು.

ಐಸೊಪ್ರೀನಿನ ಉತ್ಕರ್ಷಣೆ ಮುಂದುವರಿದಂತೆ ಈ ಎರಡೂ ಗುಂಪುಗಳು ಒಂದೇ ಅಣುವಿನಲ್ಲಿ ಅಕ್ಕಪಕ್ಕ ಬರುತ್ತವೆ. ಆಗ ಕಾರ್ಬೊನಿಲ್ ಹೀರಿದ ಶಕ್ತಿಗೆ ಪಕ್ಕದಲ್ಲೇ ದುರ್ಬಲ ಬಂಧವೊಂದು ಸಿಗುತ್ತದೆ. ಬೆಳಕು ಬಿದ್ದದ್ದು ಒಂದೆಡೆ, ಬಿರುಕು ಇನ್ನೊಂದೆಡೆ. ಇಂಥ ಅಣುಗಳ ಹೀರಿಕೆ ಎರಡು ಗುಂಪುಗಳ ಬಿಡಿ ಹೀರಿಕೆಗಳ ಮೊತ್ತವನ್ನೂ ಮೀರುತ್ತದೆಂದು ಬಾರ್ನ್ಸ್, ಬೆಕರ್ ಮತ್ತು ಝು 1993ರಲ್ಲಿ ತೋರಿಸಿದರು. ಅದನ್ನು ಆಧರಿಸಿ 2014ರಲ್ಲಿ ಬೆಲ್ಜಿಯಮ್ಮಿನ ಮ್ಯುಲರ್, ಪೀಟರ್ಸ್, ಸ್ತಾವ್ರಾಕೂ ಅವರು, ಹೀರಿದ ಬಹುತೇಕ ಪ್ರತಿ ಫೋಟಾನೂ ಒಂದು ಅಣುವನ್ನು ಒಡೆಯುತ್ತದೆಂದು ವಾದಿಸಿದರು. ಹಾಗಾದರೆ ಇಂಥ ಹಲವು ನೈಟ್ರೇಟುಗಳ ಆಯುಸ್ಸು ಹಗಲಿನ ಕೆಲವೇ ತಾಸು. ಹೈಡ್ರಾಕ್ಸಿಲ್ ರ‍್ಯಾಡಿಕಲ್ಲಿನ ದಾಳಿಗಿಂತ ಬಿಸಿಲೇ ಅವನ್ನು ಬೇಗ ಮುಗಿಸುತ್ತದೆ.

ಬಿಡುಗಡೆಯಾದ ನೈಟ್ರೊಜನ್ ಡೈಆಕ್ಸೈಡ್ ಮತ್ತೆ ಬೆಳಕಿಗೆ ಒಡೆದು ಓಜೋನಿಗೆ ದಾರಿ ಮಾಡುತ್ತದೆ. ಹೀಗಿರುವಾಗ ಎಲ್ಲ ಸಾವಯವ ನೈಟ್ರೇಟುಗಳನ್ನೂ ಒಂದೇ ಗುಂಪಿಗೆ ಸೇರಿಸಿ, ಆಲ್ಕೈಲ್ ನೈಟ್ರೇಟಿನ ನಿಧಾನದ ದರವನ್ನೇ ಹಚ್ಚುವ ಮಾದರಿಗಳನ್ನು ಒಪ್ಪುವುದು ನನಗೆ ಕಷ್ಟ. ಎಲೆಯ ಮೇಲೆ ಇಳಿದೋ, ತೇವದ ಕಣಗಳೊಳಗೆ ಜಲವಿಭಜನೆಗೊಂಡು ನೈಟ್ರಿಕ್ ಆಮ್ಲವಾಗಿಯೋ ಸಾರಜನಕ ಗಾಳಿಯಿಂದ ತೊಲಗುವುದೂ ಉಂಟು. ಅಂಥ ಕಡೆ, ದ್ಯುತಿವಿಭಜನೆಯ ದರವನ್ನು ಕಡಿಮೆ ಹಿಡಿದ ಮಾದರಿ ಈ ನಷ್ಟವನ್ನು ಇದ್ದುದಕ್ಕಿಂತ ಹೆಚ್ಚಾಗಿ ತೋರಿಸುತ್ತದೆ.